ಮಿಲ್ವಾಕೀಗೆ ಹೋಗುವವರಿಗೆ ಎಂಟು ಹಾಳೆ

ರುಕ್ಮಿಣಿ ಅಕ್ಕ ಮಿಲ್ವಾಕೀಗೆ ಹೊರಟಿದ್ದಾರೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನ ನಮ್ಮ ಆಫೀಸಿನ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಸಮೋಸ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದಾಗ.

"ತಾರಾ, ಅದೇನೋ ಊರು ಕಣೇ, ನೀನು ಬರೀತಿರ್ತೀಯಲ್ಲ... ಮಿಲ್... ಮಿಲ್ವಾಕಿ. ಅದು ಚಿಕಾಗೋ ಪಕ್ಕದ್ದಾ?"

"ಹೌದಕ್ಕ. ಚಿಕಾಗೋದಿಂದ ಉತ್ತರಕ್ಕೆ ಒಂದೂವರೆ ಗಂಟೆ ದಾರಿ. ಯಾಕೆ?"

"ನಿಮ್ಮ ಭಾವಂಗೆ ಅಲ್ಲೊಂದು ಕಾನ್ಫರೆನ್ಸ್ ಇದೆಯಂತೆ, ಐದು ದಿನ. ನೀನೂ ಬಾ ಅಂತಿದಾರೆ. ನಂಗೇನೂ ಅಂಥಾ ಆಸೆ ಇಲ್ಲಪ್ಪ. ಜೂನಲ್ಲಿ ಇಲ್ಲಿ ಹಾಳು ಚಳಿ, ಅಲ್ಲಿ ಬೇಸಿಗೆ ಅಂತೆ. ಅದಕ್ಕೆ ಹೋಗ್ಬಿಟ್ಟು ಬರೋಣ ಅಂತ."

ಅಂಥಾ ಆಸೆ ಇಲ್ಲವಂತೆ!

ಆ ಊರಿಗೂ ನನಗೂ ಇರುವ ಸಂಬಂಧ ಹೇಳದಿದ್ದರೆ ನಿಮಗೆ ನನ್ನ ಸಂಕಟ ಅರ್ಥವಾಗುವುದಿಲ್ಲ. ನನ್ನ ಓದು ಪಿಯುಸಿಗೆ ನಿಂತದ್ದು. ನಂಜನಗೂಡಿನಿಂದ ಮದುವೆಯಾಗಿ ನೈರೋಬಿಗೆ ಬಂದ ಮೇಲೆ ಇಂಗ್ಲಿಷನ್ನು ನಾನೇ ಕಲಿತುಕೊಂಡೆ: ಪೇಪರಿನಿಂದ, ಔಷಧಿ ಡಬ್ಬದ ಮೇಲಿನ ಬರಹದಿಂದ, ಮಗಳ ಶಾಲೆಯ ಪುಸ್ತಕದಿಂದ. ಆಮೇಲೆ ಮಂಗಳೂರಿನ ಲವೀನಾ ತನ್ನ ಪುಟ್ಟ ಆಫೀಸಿಗೆ ಕರೆದುಕೊಂಡಳು. ಅಲ್ಲಿ ನಾವು ಆರು ಜನ. ಅಮೆರಿಕದ ಪ್ರವಾಸಿ ವೆಬ್‌ಸೈಟುಗಳಿಗೆ ಊರುಗಳ ಪರಿಚಯ ಬರೆದುಕೊಡುವುದು ನಮ್ಮ ಕೆಲಸ. ಯಾರು ಬರೆದದ್ದೆಂದು ಎಲ್ಲೂ ಹೆಸರು ಬರುವುದಿಲ್ಲ. ಓದುವವರು ಅದೇ ಊರಿನಲ್ಲಿ ಹುಟ್ಟಿ ಬೆಳೆದವರು ಬರೆದಿದ್ದಾರೆಂದು ತಿಳಿಯಬೇಕು. ನನ್ನ ಪಾಲಿಗೆ ಬಂದದ್ದು ಮಿಲ್ವಾಕಿ.

ಆರು ವರ್ಷ! ಆ ಊರಿನಲ್ಲಿ ಯಾವ ಸೇತುವೆ ದೋಣಿ ಬಂದಾಗ ಮೇಲೇಳುತ್ತದೆ, ದುಡ್ಡಿಲ್ಲದೆ ಹತ್ತಬಹುದಾದ ಟ್ರಾಮು ಯಾವ ಬೀದಿಯಲ್ಲಿ ತಿರುಗುತ್ತದೆ, ಕುಡಿಯುವ ನೀರಿನ ಕಾರಂಜಿಗೆ ಅಲ್ಲಿಯವರು ಮಾತ್ರ ಏನೆಂದು ಕರೆಯುತ್ತಾರೆ, ಎಲ್ಲ ನನಗೆ ಬಾಯಿಪಾಠ. ಕಿಲಿಮಾನಿಯ ನಮ್ಮ ಫ್ಲ್ಯಾಟಿನ ಹಿಂದಿನ ರಸ್ತೆಯ ಹೆಸರು ಕೇಳಿದರೆ ತಡವರಿಸುತ್ತೇನೆ, ಅಲ್ಲಿಯದಾದರೆ ನಿದ್ದೆಯಲ್ಲೂ ಹೇಳುತ್ತೇನೆ. ನಮ್ಮ ಕನ್ನಡದ ಬಳಗದಲ್ಲಿ ನನಗೆ "ಮಿಲ್ವಾಕಿ ತಾರಾ" ಎಂದೇ ಹೆಸರು. ಆ ಹೆಸರು ಕೇಳಿದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಆ ಊರನ್ನು ನಾನು ಕಣ್ಣಾರೆ ಕಂಡಿಲ್ಲ. ನೋಡಲು ಹೊರಟಿರಲಿಲ್ಲ ಎಂದಲ್ಲ. ನಾಲ್ಕು ವರ್ಷದ ಹಿಂದೆ ನಾನೂ ನನ್ನ ಗಂಡ ಚಿದಾನಂದರೂ ವೀಸಾಕ್ಕೆ ಹೋಗಿದ್ದೆವು. ಗಾಜಿನ ಕಿಟಕಿಯ ಆಚೆಗಿದ್ದವನು, ಯಾಕೆ ಮಿಲ್ವಾಕಿ, ಅಂದ. ಅಷ್ಟೇ ಸಾಕಾಯಿತು ನನಗೆ. ಮೂರು ನದಿ ಎಲ್ಲಿ ಸೇರುತ್ತವೆ ಎಂಬಲ್ಲಿಂದ ಶುರುಮಾಡಿ, ಹಳೆಯ ಬಿಯರ್ ಕಾರ್ಖಾನೆಗಳೆಲ್ಲ ಈಗ ಏನಾಗಿವೆ ಎಂಬಲ್ಲಿಗೆ ಬರುವಷ್ಟರಲ್ಲಿ ಅವನ ಹುಬ್ಬು ಮೇಲೆ ಹೋಗಿತ್ತು. ಚಿದಾನಂದ ನನ್ನ ಕಾಲು ತುಳಿದರು. ನಾನು ನಿಲ್ಲಿಸಲಿಲ್ಲ. ಊರಿನ ಬಗ್ಗೆ ಇಷ್ಟೆಲ್ಲ ತಿಳಿದುಕೊಂಡವಳು ಅಲ್ಲೇ ಇದ್ದುಬಿಡುತ್ತಾಳೆ ಎಂದುಕೊಂಡನೋ ಏನೋ, ವೀಸಾ ಸಿಗಲಿಲ್ಲ.

ರುಕ್ಮಿಣಿ ಅಕ್ಕನಿಗೆ ಎರಡು ನಿಮಿಷದಲ್ಲಿ ಸಿಕ್ಕಿತು.

"ಏನ್ ಕೇಳಿದ್ರಕ್ಕ?"

"ಅಲ್ಲಿ ಏನೇನು ನೋಡ್ತೀರಿ ಅಂದ. ನಂಗೇನೂ ಗೊತ್ತಿಲ್ಲಪ್ಪ, ಇವರನ್ನೇ ಕೇಳು ಅಂದೆ. ನಕ್ಕ, ಹೋಗಿ ಅಂದ."

ರುಕ್ಮಿಣಿ ಅಕ್ಕ ನನ್ನ ವಾರಗಿತ್ತಿ. ಚಿದಾನಂದರ ಅಣ್ಣ ಡಾಕ್ಟರ್ ಶ್ರೀನಿವಾಸಮೂರ್ತಿಯವರ ಹೆಂಡತಿ. ನನಗಿಂತ ಹದಿನೈದು ವರ್ಷ ದೊಡ್ಡವರು, ಎಂ.ಎಸ್ಸಿ. ಓದಿದವರು, ನೈರೋಬಿಯ ಸಿರಿವಂತರ ಬಡಾವಣೆ ಸ್ಪ್ರಿಂಗ್ ವ್ಯಾಲಿಯಲ್ಲಿ ದೊಡ್ಡ ತೋಟದ ಮನೆಯವರು. ಮನೆಯಲ್ಲಿ ಏನೇ ಬಂದರೂ ಮೊದಲು ಅವರ ಕೈಗೆ, ಆಮೇಲೆ ನನ್ನ ಕೈಗೆ. ಅತ್ತೆಯ ಓಲೆ ಅವರಿಗೆ ಬಂತು, ಅತ್ತೆಯ ಬೆಳ್ಳಿ ಅರಿಸಿನ ಬಟ್ಟಲು ನನಗೆ ಬಂತು. ಇರಲಿ, ಅದಕ್ಕೆಲ್ಲ ನಾನು ಒಗ್ಗಿಹೋಗಿದ್ದೆ. ಮಿಲ್ವಾಕಿಯೊಂದು ಮಾತ್ರ ನನ್ನದು ಎಂದುಕೊಂಡಿದ್ದೆ.

"ಒಂದ್ ಕೆಲ್ಸ ಮಾಡೇ ತಾರಾ," ಎಂದರು ಮಾರನೆಯ ದಿನ. "ಹಗಲೆಲ್ಲ ನಿಮ್ಮ ಭಾವ ಕಾನ್ಫರೆನ್ಸಲ್ಲಿ ಕೂತಿರ್ತಾರೆ. ನಾನೊಬ್ಳೇ ಎಲ್ಲಿಗೆ ಹೋಗಲಿ, ಏನು ತಿನ್ನಲಿ? ಒಂದು ಹಾಳೇಲಿ ಬರ್ಕೊಡು. ಕನ್ನಡದಲ್ಲಿ ಬರಿ. ಆ ಫೋನಲ್ಲಿ ಸಣ್ಣಕ್ಷರದ ಇಂಗ್ಲಿಷು ನನ್ನ ಕಣ್ಣಿಗೆ ಆಗಲ್ಲ."

ಒಂದು ಹಾಳೆ ಎಂದು ಕೂತವಳು ಎಂಟು ಹಾಳೆ ಬರೆದೆ. ಆಶ್ಚರ್ಯವೆಂದರೆ ಆರು ವರ್ಷದಲ್ಲಿ ಆ ಊರಿನ ಬಗ್ಗೆ ನಾನು ಕನ್ನಡದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಬರೆಯುತ್ತ ಹೋದ ಹಾಗೆ ಊರು ಬೇರೆಯೇ ಕಾಣತೊಡಗಿತು. ಕೆರೆ ಎನ್ನೋಣವೆಂದರೆ ಆಚೆ ದಡವೇ ಕಾಣದ ಆ ಸರೋವರದ ಬಗ್ಗೆ, "ನೀರಿನ ಹತ್ತಿರ ಹೋದರೆ ಊರಿಗಿಂತ ಒಂದು ಶಾಲಿನಷ್ಟು ಚಳಿ ಹೆಚ್ಚು" ಎಂದು ಬರೆದೆ. ದಡದಲ್ಲಿರುವ ಬಿಳಿಯ ಮ್ಯೂಸಿಯಂ ಬೆಳಿಗ್ಗೆ ಚಾವಣಿಯ ಮೇಲಿನ ಹಕ್ಕಿಯಂಥ ಯಾಂತ್ರಿಕ ರೆಕ್ಕೆ ಬಿಚ್ಚುತ್ತದೆ, ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ ಮಡಚಿ ಮತ್ತೆ ಬಿಚ್ಚುತ್ತದೆ. "ಆ ಹೊತ್ತಿಗೆ ಒಳಗಿರಬೇಡಿ, ಹೊರಗೆ ಹುಲ್ಲಿನ ಮೇಲೆ ನಿಂತು ನೋಡಿ, ಗಾಳಿ ಜೋರಾದರೆ ಅದೂ ಮನೆಯವರ ಹಾಗೆ ಬಾಗಿಲು ಹಾಕಿಕೊಳ್ಳುತ್ತದೆ" ಎಂದು ಬರೆದೆ. ಶುಕ್ರವಾರ ಸಂಜೆ ಊರಿಗೆ ಊರೇ ಮೀನು ಕರಿಯುತ್ತದೆ, ಅವತ್ತು ಹೋಟೆಲುಗಳ ಕಡೆ ತಲೆ ಹಾಕಬೇಡಿ. ಬೀನ್ಸ್ ಸೂಪು ಎಂದರೆ ಹಂದಿಮಾಂಸ ಇದೆಯೇ ಕೇಳಿ. ಆಲೂಗಡ್ಡೆ ಕರಿದ ಎಣ್ಣೆ ಯಾವುದು ಕೇಳಿ.

ಅಕ್ಕನ ಊಟದ ಕಟ್ಟುನಿಟ್ಟು ನಮ್ಮ ಬಳಗಕ್ಕೆಲ್ಲ ಗೊತ್ತು. ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ ಕೇಕಿನ ಹತ್ತಿರ ಬಂದು, "ಮೊಟ್ಟೆ ಇಲ್ಲ ತಾನೇ?" ಎಂದು ಕೇಳುವ ಮೊದಲ ದನಿ ಅವರದು. ಅವರು ಕೇಳಿ ಮುಟ್ಟಿದ ಮೇಲೆಯೇ ಉಳಿದ ಹೆಂಗಸರು ಮುಟ್ಟುವುದು. ಹಾಗಾಗಿ ಐದನೆಯ ಹಾಳೆಯಲ್ಲಿ ಫ್ರೋಜನ್ ಕಸ್ಟರ್ಡಿನ ವಿಷಯ ಬಂದಾಗ ಕರಡಿನಲ್ಲಿ ಸ್ಪಷ್ಟವಾಗಿ ಬರೆದೆ: ಮಿಲ್ವಾಕಿಯವರು ಐಸ್‌ಕ್ರೀಮಿಗಿಂತ ಇದನ್ನೇ ಮೆಚ್ಚುತ್ತಾರೆ, ಹಾಲು ಕೆನೆಯ ಜೊತೆ ಮೊಟ್ಟೆಯ ಹಳದಿಯೂ ಇರುತ್ತದೆ, ಇರಲೇಬೇಕೆಂಬ ನಿಯಮವೇ ಉಂಟು, ನೀವು ತಿನ್ನಬೇಡಿ ಅಕ್ಕ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿಯೇ ಹೇಳಬೇಕು. ನಮ್ಮ ಮನೆಗಳಲ್ಲಿ ಕಸ್ಟರ್ಡ್ ಎಂದರೆ ಪೊಟ್ಟಣದ ಹಳದಿ ಪುಡಿ, ಹಾಲು, ಬಾಳೆಹಣ್ಣು, ದ್ರಾಕ್ಷಿ. ಮಡಿ ಹೆಂಗಸರೂ ಎರಡು ಬಟ್ಟಲು ತಿನ್ನುವ ತಿಂಡಿ ಅದು. ಆ ಹೆಸರು ಕೇಳಿ ಮೊಟ್ಟೆಯ ಯೋಚನೆ ಯಾರಿಗೂ ಬರುವುದಿಲ್ಲ.

ಕರಡು ಮುಗಿದ ಸಂಜೆ ಅಕ್ಕ ಫೋನು ಮಾಡಿದರು.

"ಬರೆದ್ಯಾ? ನಾಳೆ ಡ್ರೈವರನ್ನ ಕಳಿಸ್ತೀನಿ, ಕೊಟ್ಟುಬಿಡು. ಅಂದಹಾಗೆ ತಾರಾ, ನಾನು ವಾಪಸ್ ಬಂದ ಮೇಲೆ ಒಂದು ಭಾನುವಾರ ಎಲ್ಲರನ್ನೂ ಊಟಕ್ಕೆ ಕರೀತೀನಿ. ಆ ಊರಿನ ಫೋಟೋ ಎಲ್ಲ ಟೀವೀಲಿ ಹಾಕಿ ತೋರಿಸೋಣ ಅಂತ. ನೀನೂ ಬಾ. ಪಾಪ, ನೋಡದೇನೇ ಬರೀತೀಯಲ್ಲ ಇಷ್ಟು ವರ್ಷದಿಂದ! ಸರಿಯಾಗಿ ಹೆಂಗಿದೆ ಅಂತ ನಾನು ಹೇಳ್ತೀನಿ, ನೀನು ತಪ್ಪೇನಿದೆಯೋ ತಿದ್ಕೊಳ್ಳೋವಂತೆ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಆದರೂ ಫೋನಿಟ್ಟ ಮೇಲೆ ನನ್ನ ಕಿವಿ ಬಿಸಿಯಾಗಿತ್ತು. ಶುದ್ಧಪ್ರತಿ ಮಾಡಲು ಕೂತೆ. ಮೊದಲ ಹಾಳೆ, ಎರಡನೆಯದು, ಮೂರು, ನಾಲ್ಕು. ಐದನೆಯದರಲ್ಲಿ, "ಸಂಜೆ ಹೊತ್ತು ಫ್ರೋಜನ್ ಕಸ್ಟರ್ಡ್ ತಿನ್ನದೆ ಬರಬೇಡಿ, ನುಣುಪು, ಗಟ್ಟಿ, ಕೆನೆ ಕೆನೆ, ಅದನ್ನು ತಿಂದವರಿಗೇ ಆ ಊರು ಗೊತ್ತು" ಎಂದು ಬರೆದು, ಪೂರ್ಣವಿರಾಮ ಇಟ್ಟೆ. ಮುಂದಿನ ಸಾಲು ಬರೆಯಲಿಲ್ಲ.

ಮರೆತೆ ಎಂದು ಹೇಳಿಕೊಳ್ಳಬಹುದಿತ್ತು. ಮರೆತಿರಲಿಲ್ಲ.

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ನಿಹಾರಿಕಾ ನನ್ನ ಮುಖ ನೋಡಿದಳು. "ಅಮ್ಮಾ, ಯು ಲುಕ್ ಸೋ ಜೆಲಸ್ ರೈಟ್ ನೌ."

"ಬಾಯ್ಮುಚ್ಕೊಂಡು ಓದು."

"ಐ ಆಮ್ ಜಸ್ಟ್ ಸೇಯಿಂಗ್."

ಅಕ್ಕ ಹೋದರು. ಅಲ್ಲಿಂದ ದಿನಾ ವಾಟ್ಸಾಪಿನಲ್ಲಿ ಧ್ವನಿ ಬರುತ್ತಿತ್ತು, ಗಾಳಿಯ ಸದ್ದಿನ ಮಧ್ಯೆ, ಏದುಸಿರಿನಲ್ಲಿ. "ತಾರಾ, ನಿಂತಿದೀನಿ ಕಣೇ, ಹುಲ್ಲಿನ ಮೇಲೇ ನಿಂತಿದೀನಿ, ನೀನು ಬರೆದ ಜಾಗದಲ್ಲೇ! ಮಡಚ್ತಾ ಇದೆ, ಮಡಚ್ತಾ ಇದೆ... ಅಯ್ಯಯ್ಯೋ!" ಆ ಅಯ್ಯಯ್ಯೋವನ್ನು ನಾನು ಆಫೀಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಹನ್ನೊಂದು ಸಲ ಕೇಳಿದೆ. ನನ್ನ ಪರದೆಯ ಮೇಲೆ ಅದೇ ಮ್ಯೂಸಿಯಂ, ನಿಂತಲ್ಲೇ ನಿಂತ ಫೋಟೋ.

ಲವೀನಾ ಪಕ್ಕದಿಂದ ಬಗ್ಗಿ ನೋಡಿದಳು. "ಎಂತ ಮಾರಾಯ್ತಿ, ಅಳ್ತಾ ಇದ್ದೀಯಾ?"

"ಇಲ್ಲ. ಕಣ್ಣು ಉರೀತಿದೆ."

"ಕಣ್ಣು ಮಾತ್ರವಾ?" ಎಂದು ನಕ್ಕು ತನ್ನ ಕುರ್ಚಿಗೆ ಹೋದಳು.

ಎರಡನೆಯ ದಿನದಿಂದ ಕಸ್ಟರ್ಡಿನ ಫೋಟೋ ಶುರುವಾಯಿತು. ಕೈಯಲ್ಲಿ ಕಪ್ಪು, ಮೂಗಿನ ತುದಿಗೆ ಕೆನೆ, ಹಿಂದೆ ಸಂಜೆ ಬಿಸಿಲು. ಮೂರನೆಯ ದಿನ ಇನ್ನೊಂದು ಫೋಟೋ, ದೊಡ್ಡ ಕಪ್ಪು. ನಾಲ್ಕನೆಯ ದಿನ ಎರಡು ಕಪ್ಪು, ಎರಡೂ ಅವರದೇ, ಭಾವನಿಗೆ ಶುಗರ್ ಇದೆ. ಮೊದಲ ಫೋಟೋ ನೋಡಿದಾಗ, ಸತ್ಯ ಹೇಳುತ್ತೇನೆ, ಖುಷಿಯಾಯಿತು. ತಿನ್ನು, ತಿನ್ನು ಅಂದುಕೊಂಡೆ. ಎರಡನೆಯದಕ್ಕೆ ಆ ಖುಷಿ ಉಳಿಯಲಿಲ್ಲ. ಈಗಲಾದರೂ ಹೇಳಲೇ ಎಂದು ಫೋನು ತೆಗೆದೆ. "ಅಕ್ಕ, ಒಂದು ವಿಷಯ" ಎಂದು ಟೈಪ್ ಮಾಡಿ, ಅಳಿಸಿ, "ಸೂಪರ್ ಅಕ್ಕ!" ಎಂದು ಕಳಿಸಿ, ಜೊತೆಗೆ ಒಂದು ಹೃದಯದ ಚಿತ್ರ ಒತ್ತಿದೆ. ಇದಕ್ಕಿಂತ ನಾಚಿಕೆಗೇಡಿನ ಕೆಲಸ ನಾನು ಮಾಡಿದ್ದು ನೆನಪಿಲ್ಲ.

ಅವರು ಬಂದು ಮೂರನೆಯ ಭಾನುವಾರ ಊಟಕ್ಕೆ ಕರೆದರು. ಕಿಲಿಮಾನಿಯಿಂದ ಟ್ಯಾಕ್ಸಿ ಮಾಡಿಕೊಂಡು ನಾವು ಮೂವರೂ ಹೋದೆವು. ಸ್ಪ್ರಿಂಗ್ ವ್ಯಾಲಿಯ ಆ ದೊಡ್ಡ ಹಾಲ್‌ನಲ್ಲಿ ಇಪ್ಪತ್ತು ಜನ ಸೇರಿದ್ದರು. ಗಂಡಸರು ಕಿಟಕಿಯ ಕಡೆ, ಹೆಂಗಸರು ಟೀವಿಯ ಕಡೆ. ಹೊಸದಾಗಿ ಬೆಂಗಳೂರಿನಿಂದ ಬಂದು ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದ ನಮಿತಾ ಎಂಬ ಹುಡುಗಿ ನನ್ನ ಪಕ್ಕ ಕೂತಿದ್ದಳು.

"ನೀವೇನಾ ಮಿಲ್ವಾಕಿ ತಾರಾ?" ಎಂದಳು. "ಎಲ್ಲರೂ ಹೇಳ್ತಿದ್ರು. ಎಷ್ಟು ಸಲ ಹೋಗಿದೀರಾ?"

ನನ್ನ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ಅಂದರು, "ಅವಳೆಲ್ಲಿ ಹೋಗಿದಾಳೆ? ಹೋಗಿ ಬಂದೋರು ಇವರು, ರುಕ್ಮಿಣಿ."

ಅಕ್ಕ ಟೀವಿಯ ಪಕ್ಕ ನಿಂತರು. ತೆಳು ಹಸಿರು ಸೀರೆ, ಕೈಯಲ್ಲಿ ರಿಮೋಟು. "ಮಿಲ್ವಾಕಿ ಅನ್ನೋ ಊರು," ಎಂದು ಶುರುಮಾಡಿದರು, "ನೋಡಿ, ಕೆರೆ ಅನ್ನೋಣ ಅಂದ್ರೆ ಆಚೆ ದಡಾನೇ ಕಾಣಲ್ಲ. ನೀರಿನ ಹತ್ರ ಹೋದ್ರೆ ಊರಿಗಿಂತ ಒಂದು ಶಾಲಿನಷ್ಟು ಚಳಿ ಜಾಸ್ತಿ!"

ಎಲ್ಲರೂ ನಕ್ಕರು. "ಎಷ್ಟು ಚೆನ್ನಾಗಿ ಹೇಳ್ತೀರಾ ಆಂಟಿ, ಒಂದು ಶಾಲಿನಷ್ಟು!" ಎಂದು ನಮಿತಾ ಚಪ್ಪಾಳೆ ತಟ್ಟಿದಳು.

ಅದು ನನ್ನ ಸಾಲು. ಎರಡನೆಯ ಹಾಳೆ, ಮೇಲಿನಿಂದ ನಾಲ್ಕನೆಯ ಸಾಲು.

ಮ್ಯೂಸಿಯಮ್ಮಿನ ಚಿತ್ರ ಬಂತು. "ಗಾಳಿ ಜೋರಾದ್ರೆ ಇದೂ ಮನೆಯವರ ಹಾಗೆ ಬಾಗಿಲು ಹಾಕ್ಕೊಳತ್ತೆ," ಎಂದರು. ಮತ್ತೆ ನಗು. ಭಾವ ಕೂಡ ಕಿಟಕಿಯ ಕಡೆಯಿಂದ, "ನೋಡಿದ್ರಾ, ಇವಳಿಗೆ ಅಲ್ಲಿ ಹೋಗಿ ಮಾತು ಬಂದುಬಿಟ್ಟಿದೆ," ಎಂದರು. ಹೀಗೇ ಒಂದಾದ ಮೇಲೊಂದು. ನಾನು ಬರೆದ ಎಂಟು ಹಾಳೆಯೂ ಅವರ ಬಾಯಿಯಲ್ಲಿ ಅವರ ಸ್ವಂತದ್ದಾಗಿ ಹೊರಬಂತು. ಬೇಕೆಂದು ಕದಿಯಲಿಲ್ಲ, ಪಾಪ. ಓದಿ, ನೋಡಿ, ಎರಡೂ ಅವರ ತಲೆಯಲ್ಲಿ ಕೂಡಿಹೋಗಿತ್ತು. ಓದಿದ್ದು ಯಾವುದು, ಕಂಡದ್ದು ಯಾವುದು ಅವರಿಗೇ ಗೊತ್ತಿರಲಿಲ್ಲ. ನನಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ನನ್ನ ಸೀರೆ ಉಟ್ಟುಕೊಂಡು ಬೇರೆಯವರು ಮದುವೆಮನೆಯಲ್ಲಿ ಓಡಾಡುವುದನ್ನು ಮೂಲೆಯಲ್ಲಿ ಕೂತು ನೋಡಿದ ಹಾಗಿತ್ತು. ಅದರಲ್ಲೂ ಉರಿದದ್ದು, ಆ ಸೀರೆ ಅವರಿಗೆ ನನಗಿಂತ ಚೆನ್ನಾಗಿ ಒಪ್ಪುತ್ತಿತ್ತು. ಅವರು ನೋಡಿ ಬಂದವರು. ಹೇಳುವಾಗ ಕಣ್ಣು ಹೊಳೆಯುತ್ತಿತ್ತು. ನಾನು ಎಷ್ಟು ಚೆನ್ನಾಗಿ ಬರೆದರೂ ಆ ಹೊಳಪು ಎಲ್ಲಿಂದ ತರಲಿ?

ಕೊನೆಗೆ ಕಸ್ಟರ್ಡಿನ ಫೋಟೋ ಬಂತು.

"ಇದನ್ನ ತಿಂದವರಿಗೇ ಆ ಊರು ಗೊತ್ತು!" ಎಂದರು ಅಕ್ಕ. "ನಾನಂತೂ ದಿನಾ ತಿಂದೆ. ಬರೀ ಹಾಲು, ಕೆನೆ, ಸಕ್ಕರೆ. ಏನ್ ಕೇಳ್ತೀರಿ!"

ನನ್ನ ನಾಲಿಗೆಯ ತುದಿಗೆ ಮಾತು ಬಂದು ಕೂತಿತು. ಒಂದೇ ಮಾತು, ಎರಡಕ್ಷರ. ಅದನ್ನು ಆಡಿದರೆ ಈ ಮನೆಯಲ್ಲಿ ಇನ್ನು ಹತ್ತು ವರ್ಷ ಯಾರೂ ಶಾಲಿನ ಮಾತು ನೆನೆಸಿಕೊಳ್ಳುವುದಿಲ್ಲ, ಬರೀ ಇದನ್ನೇ ನೆನೆಸಿಕೊಳ್ಳುತ್ತಾರೆ. ಬಾಯಿ ತೆರೆದೆ ಕೂಡ.

"ತಾರಾ, ಸ್ವಲ್ಪ ಬಾ, ಬಡಿಸೋಕೆ ಕೈ ಹಾಕು," ಎಂದು ಅಕ್ಕ ನನ್ನ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು.

ಊಟದ ಕೊನೆಗೆಂದು ಫ್ರೂಟ್ ಕಸ್ಟರ್ಡ್ ಮಾಡಿಟ್ಟಿದ್ದರು, ನಮ್ಮ ಪೊಟ್ಟಣದ ಪುಡಿಯದು. ಮನೆಗೆಲಸದ ಮರ್ಸಿಗೆ ಸ್ವಾಹಿಲಿಯ ಒಂದು ಥ್ಯಾಂಕ್ಸ್ ಸೇರಿಸಿ, "ಅಸಾಂಟೆ ಮರ್ಸಿ, ನಾವು ನೋಡ್ಕೋತೀವಿ," ಎಂದು ಹೇಳಿ ಕಳಿಸಿ, ಬಾಗಿಲು ಅರ್ಧ ಮುಂದೆ ಮಾಡಿದರು. ಆಮೇಲೆ ಬಟ್ಟಲಿಗೆ ಹಾಕುತ್ತ, ನನ್ನ ಮುಖ ನೋಡದೆ ಅಂದರು: "ನಿಂಗೆ ಥ್ಯಾಂಕ್ಸ್ ಹೇಳ್ಬೇಕು ಕಣೇ. ಹೆಂಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ."

"ಹಾಳೆ ಬರ್ಕೊಟ್ಟಿದ್ದಕ್ಕಾ? ಅದೇನ್ ಬಿಡಿ."

"ಹಾಳೆಗಲ್ಲ. ನೀನು ಬರೀದೇ ಬಿಟ್ಟಿದ್ದಕ್ಕೆ."

ನನ್ನ ಕೈಯ ಸೌಟು ನಿಂತಿತು.

"ಮೊದಲನೇ ಕಪ್ಪಿಗೇ ಗೊತ್ತಾಯ್ತು," ಎಂದರು ಅಕ್ಕ, ದನಿ ತಗ್ಗಿಸಿ. "ಅಂಗಡಿ ಬೋರ್ಡಲ್ಲೇ ಬರೆದಿತ್ತು. ಆ ಹುಡುಗಿ ಬೇರೆ ಖುಷಿಯಾಗಿ ಹೇಳಿದ್ಲು, ನಾವು ನಿಜವಾದ ಮೊಟ್ಟೆ ಹಾಕ್ತೀವಿ ಮ್ಯಾಮ್ ಅಂತ. ಅಷ್ಟೊತ್ತಿಗೆ ಕಪ್ಪು ನನ್ನ ಕೈಗೆ ಬಂದಾಗಿತ್ತು. ಕರಗ್ತಾ ಇದೆ. ಎಸೆಯೋಣ ಅಂತ ಡಬ್ಬದ ಹತ್ರಾನೂ ಹೋದೆ. ಆಗ ನಿನ್ನ ಹಾಳೆ ತೆಗೆದು ನೋಡಿದೆ. ಸೂಪಲ್ಲಿ ಏನಿರತ್ತೆ, ಎಣ್ಣೇಲಿ ಏನಿರತ್ತೆ, ಎಲ್ಲಾ ಬರೆದಿದೀಯ. ಇದೊಂದು ಬರೆದಿಲ್ಲ. ತಾರಾ ಮರೆಯೋಳಲ್ಲ. ಅಂದ್ರೆ ನಂಗೋಸ್ಕರ ಬಿಟ್ಟಿದಾಳೆ, ಅಕ್ಕ ಒಂದ್ಸಲ ಗೊತ್ತಿಲ್ಲದೇನೇ ತಿನ್ನಲಿ ಅಂತ."

"ಅಕ್ಕ..."

"ಐವತ್ತೆಂಟು ವರ್ಷ ಕಣೇ. ಅಪ್ಪ, ಅಮ್ಮ, ಅತ್ತೆ, ನಿಮ್ಮ ಭಾವ, ಎಲ್ಲರೂ ನಂಗೆ ಇದು ತಿನ್ಬೇಡ ಅದು ಮುಟ್ಬೇಡ ಅಂದೋರೇ. ಆಮೇಲೆ ನಾನೇ ಎಲ್ಲರಿಗೂ ಹೇಳೋಕೆ ಶುರುಮಾಡಿದೆ. ನೀನೊಬ್ಳು ಸುಮ್ನಿದ್ದೆ." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. "ಯಾರಿಗೂ ಹೇಳ್ಬೇಡ, ಆಯ್ತಾ? ಇವರಿಗೂ ಗೊತ್ತಿಲ್ಲ."

ಹೊಟ್ಟೆಕಿಚ್ಚಿಗೆ ಬಿಟ್ಟೆ ಅಕ್ಕ, ನೀವು ಹಾಳಾಗಲಿ ಅಂತ ಬಿಟ್ಟೆ, ಎಂದು ಹೇಳಬೇಕಿತ್ತು. ಅವರು ಆಗಲೇ ಟ್ರೇ ಎತ್ತಿಕೊಂಡು, "ನಡಿ ನಡಿ, ಕಾಯ್ತಿದಾರೆ," ಎಂದು ಹೊರಗೆ ಹೊರಟಿದ್ದರು.

ಹಾಲ್‌ನಲ್ಲಿ ಬಟ್ಟಲು ಹಂಚುತ್ತಿದ್ದೆವು. ನಮಿತಾ ತನ್ನ ಬಟ್ಟಲು ಹಿಡಿದು, ಚಮಚ ಮೇಲೆತ್ತಿ, ಏನೂ ಅರಿಯದ ದನಿಯಲ್ಲಿ ಕೇಳಿದಳು: "ಆಂಟಿ, ಇದು ಪೌಡರ್‌ದು ಅಲ್ವಾ? ಆದ್ರೆ ಅಲ್ಲಿಯ ಫ್ರೋಜನ್ ಕಸ್ಟರ್ಡಲ್ಲಿ ಎಗ್ ಇರಲ್ವಾ? ನಾನು ಬೇಕಿಂಗ್ ಕ್ಲಾಸಲ್ಲಿ ಕಲ್ತಿದ್ದೆ, ಒರಿಜಿನಲ್ ಕಸ್ಟರ್ಡ್ ಅಂದ್ರೇನೇ ಎಗ್ ಅಂತ."

ಇಪ್ಪತ್ತು ಜೊತೆ ಕಣ್ಣು ರುಕ್ಮಿಣಿ ಅಕ್ಕನ ಮೇಲೆ.

"ಇಲ್ಲಮ್ಮ," ಎಂದರು ಅಕ್ಕ. ದನಿ ಒಂಚೂರು ಮೇಲೆ ಹೋಗಿತ್ತು. "ಹಾಗೇನಿರಲ್ಲ... ಇರತ್ತಾ? ತಾರಾನ ಕೇಳಿ. ಅವಳಿಗೆ ತಾನೇ ಗೊತ್ತಿರೋದು."

ಈಗ ಎಲ್ಲ ಕಣ್ಣು ನನ್ನ ಮೇಲೆ ಬಂದವು. ಊರಿನ ವಿಷಯಕ್ಕೆ ಕೊನೆಯ ಮಾತು ನನ್ನದು ಎಂದು ಆ ದಿನ ಮೊದಲ ಬಾರಿಗೆ ಯಾರೋ ಒಪ್ಪಿಕೊಂಡಿದ್ದರು. ಇಲ್ಲ ಎಂದರೆ ಅಕ್ಕ ಉಳಿಯುತ್ತಿದ್ದರು, ಆದರೆ ನಮಿತಾ ಫೋನು ತೆಗೆದು ಒಂದು ನಿಮಿಷದಲ್ಲಿ ನೋಡುತ್ತಿದ್ದಳು. ಅದೂ ಇರಲಿ, ಆರು ವರ್ಷದಲ್ಲಿ ಆ ಊರಿನ ಬಗ್ಗೆ ನಾನು ಒಂದು ಸುಳ್ಳೂ ಬರೆದವಳಲ್ಲ. ಇದೆ ಎಂದು ಹೇಳಿ ಸುಮ್ಮನಾದರೆ ನಾನು ಒಂದು ತಿಂಗಳಿಂದ ಬಯಸಿದ್ದು ಬಯಸಿದ ಹಾಗೇ ಆಗುತ್ತಿತ್ತು. ಅಕ್ಕ ಬಾಗಿಲ ಹತ್ತಿರ ಖಾಲಿ ಟ್ರೇ ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ನೋಟ ಅದಲ್ಲ. ನನ್ನ ಮೇಲೆ ಅಷ್ಟು ಭರವಸೆ ಅವರಿಗೆ, ಬೇಡುವುದೇಕೆ?

"ಇರತ್ತೆ," ಎಂದೆ. "ಮೊಟ್ಟೆ ಇರತ್ತೆ. ನಂಗೆ ಗೊತ್ತಿತ್ತು. ಅಕ್ಕಂಗೆ ಬರೆದುಕೊಟ್ಟ ಹಾಳೇಲಿ ಅದನ್ನ ನಾನು ಬರೀಲಿಲ್ಲ. ಅಕ್ಕಂಗೆ ಗೊತ್ತಿರಲಿಲ್ಲ. ತಪ್ಪು ನಂದು."

ಇದರಲ್ಲಿ ಒಂದೇ ಒಂದು ಸುಳ್ಳು. ಅದು ಯಾವುದೆಂದು, ನನ್ನನ್ನು ಬಿಟ್ಟರೆ, ಅಲ್ಲಿದ್ದವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಎಲ್ಲರೂ ಒಟ್ಟಿಗೆ ಬಾಯಿ ತೆರೆದರು.

"ಅಲ್ಲಾ ತಾರಾ, ಗೊತ್ತಿದ್ದೂ ಬರೀಲಿಲ್ವಾ?"

"ಆರು ವರ್ಷದಿಂದ ಅದೇ ಊರು ಬರೀತಿದೀರಲ್ಲ!"

"ಪಾಪ ರುಕ್ಮಿಣಿ, ನಂಬಿ ತಿಂದಿದಾರೆ."

ಚಿದಾನಂದ ನನ್ನ ಕಡೆ ನೋಡಿದ ನೋಟಕ್ಕೆ ಅರ್ಥ ಮನೆಗೆ ಹೋದ ಮೇಲೆ ಸಿಗುವುದಿತ್ತು. ನಿಹಾರಿಕಾ ಮಾತ್ರ ತನ್ನ ಬಟ್ಟಲಿನ ಮೇಲಿಂದ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಹಾಳೆ ಬರೆದ ಆ ಸಂಜೆಯ ನನ್ನ ಮುಖ ಗೊತ್ತಿತ್ತಲ್ಲ.

ಗೊತ್ತಿದ್ದೂ ಬರೀಲಿಲ್ಲ ಎಂದು ನಾನು ಹೇಳಿದ ರೀತಿಯಲ್ಲಿ ರುಕ್ಮಿಣಿ ಅಕ್ಕನಿಗೆ ಏನೋ ಕೇಳಿಸಿತು ಎಂದು ನನಗನ್ನಿಸಿತು. ಕಣ್ಣು ಸಣ್ಣದು ಮಾಡಿ ನನ್ನನ್ನೇ ಅಳೆದರು. ಆಮೇಲೆ ಟ್ರೇ ಕೆಳಗಿಟ್ಟು, ಎರಡೂ ಕೈ ಕೆನ್ನೆಗೆ ಹಚ್ಚಿ, "ಅಯ್ಯೋ ರಾಮಾ! ಮೊಟ್ಟೇನಾ?" ಎಂದು ಕೂಗಿದರು.

ಏನು ಕೂಗು! ಏನು ಮುಖ! ಸೋಫಾದ ಮೇಲೆ ಕುಸಿದರು. ನೀರು ತರಿಸಿ ಬಾಯಿ ಮುಕ್ಕಳಿಸಿದರು, ಆ ಕಸ್ಟರ್ಡ್ ತಿಂದು ತಿಂಗಳಾಗುತ್ತ ಬಂದಿತ್ತು. ಹೆಂಗಸರೆಲ್ಲ ಸುತ್ತ ಸೇರಿ ಬೆನ್ನು ಸವರಿದರು. ಒಬ್ಬರು ಪಂಚಗವ್ಯ ಅಂದರು, ಇನ್ನೊಬ್ಬರು ನೈರೋಬಿಯಲ್ಲಿ ಅದೆಲ್ಲಿ ಸಿಗುತ್ತದೆ ಅಂದರು, ಮತ್ತೊಬ್ಬರು ಒಂದು ದಿನ ಉಪವಾಸ ಸಾಕು ಅಂದರು.

"ಏನೂ ಬೇಡ," ಎಂದರು ಭಾವ. "ಡಾಕ್ಟರಾಗಿ ಹೇಳ್ತಿದೀನಿ, ಅದು ಹೊಟ್ಟೆ ಬಿಟ್ಟು ಎಷ್ಟೋ ದಿನ ಆಯ್ತು."

"ನೀವು ಸುಮ್ನಿರಿ!" ಎಂದು ಅಕ್ಕ ಕಣ್ಣೀರಿನ ಮಧ್ಯೆ ಗದರಿದರು. ನಿಜವಾದ ಕಣ್ಣೀರು! ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ನನ್ನನ್ನು ಯಾರೂ ಕೂರು ಎನ್ನಲಿಲ್ಲ. ಊರು ನೋಡಿದ್ದೂ ಅವರೇ, ತಿಂದದ್ದೂ ಅವರೇ, ಮೋಸ ಹೋದವರೆಂಬ ಮರುಕವೂ ಅವರಿಗೇ. ನನಗೆ ಆಗಲೂ, ಆ ಸ್ಥಿತಿಯಲ್ಲೂ, ಅವರನ್ನು ಕಂಡು ಹೊಟ್ಟೆ ಉರಿಯಿತು. ಇಷ್ಟು ಚೆನ್ನಾಗಿ ಅಳಲು ನನಗೆ ಬರುವುದಿಲ್ಲ.

"ಇನ್ಮೇಲೆ ಯಾರಾದ್ರೂ ಆ ಕಡೆ ಹೋದ್ರೆ ರುಕ್ಮಿಣಿ ಆಂಟೀನೇ ಕೇಳ್ಕೊಂಡು ಹೋಗೋದು ಒಳ್ಳೇದು," ಎಂದಳು ನಮಿತಾ. ಎಲ್ಲರೂ ಹೌದೆಂದರು. ಅಲ್ಲಿಗೆ ಮಿಲ್ವಾಕಿ ನನ್ನ ಕೈ ಬಿಟ್ಟಿತು.

ಗದ್ದಲ ಕರಗಿ, ಗಂಡಸರು ಮತ್ತೆ ಕಿಟಕಿಗೆ, ಹೆಂಗಸರು ಕಾಫಿಗೆ ಹೋದ ಮೇಲೆ ಅಕ್ಕ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿ ಪಕ್ಕದ ಜಾಗ ತಟ್ಟಿದರು. ಹೋಗಿ ಕೂತೆ. ನನ್ನ ಮಣಿಕಟ್ಟು ಹಿಡಿದರು, ನೋಯುವಷ್ಟು ಗಟ್ಟಿಯಾಗಿ.

"ನಂಗೋಸ್ಕರ ಬಿಟ್ಟಿದ್ದಲ್ಲ, ಅಲ್ವಾ?" ತುಟಿ ಅಲ್ಲಾಡಿಸದೆ ಕೇಳಿದರು.

"ಅಲ್ಲ."

"ಯಾಕೆ?"

"ನೀವು ಹೋಗ್ತಿದ್ರಿ. ನಾನು ಹೋಗ್ತಿರಲಿಲ್ಲ."

ಕೈ ಬಿಡಲಿಲ್ಲ. ಎದುರಿಗೆ ಟೀವಿಯ ಮೇಲೆ ಆ ಕೊನೆಯ ಫೋಟೋ ಹಾಗೇ ನಿಂತಿತ್ತು, ಯಾರೂ ಆರಿಸಿರಲಿಲ್ಲ.

"ಪಾಪಿ," ಎಂದರು ಅಕ್ಕ, ಅದನ್ನೇ ನೋಡುತ್ತ. "ನಿನ್ನ ಹೊಟ್ಟೆಕಿಚ್ಚು ನಂಗೆ ಎಂಥಾ ರುಚಿ ತಿನ್ನಿಸ್ತು ಗೊತ್ತಾ?" ಅವರ ಹಿಡಿತ ಒಂಚೂರು ಸಡಿಲವಾಯಿತು. "ನೀನು ಬರೆದ ಹಾಗಿರಲಿಲ್ಲ ಅದು. ನುಣುಪು, ಗಟ್ಟಿ, ಕೆನೆ ಕೆನೆ ಅಂತೆಲ್ಲ ಬರೆದಿದ್ದೆ. ಹಾಗಲ್ವೇ ಅಲ್ಲ."

ಸುಮ್ಮನಿರಬೇಕಿತ್ತು. ಕ್ಷಮಿಸಿ ಎಂದು ಹೇಳಿ, ಎದ್ದು ಹೋಗಿ ಲೋಟ ತೊಳೆಯಬೇಕಿತ್ತು. ಆದರೆ ಆರು ವರ್ಷ ಅದರ ರುಚಿ ಊಹಿಸಿ ಊಹಿಸಿ ಬರೆದವಳು ನಾನು.

"ಮತ್ತೆ ಹೇಗಿತ್ತು?" ಎಂದೆ.

"ಹೆಂಗಿತ್ತು ಅಂದ್ರೆ..." ಅಕ್ಕ ಕಣ್ಣು ಮುಚ್ಚಿದರು.

"ಗಿಣ್ಣಿನ ಹಾಗಾ?"

"ಅಲ್ಲ."

"ಬಾಸುಂದಿ ತಣ್ಣಗೆ ಮಾಡಿದ ಹಾಗಾ?"

"ಥೂ, ಅಲ್ಲ ಕಣೇ."

ನಾನು ಇನ್ನಷ್ಟು ಹತ್ತಿರ ಸರಿದು ಕೂತೆ. "ಹೇಳಿ ಅಕ್ಕ," ಎಂದೆ. "ನಿಧಾನವಾಗಿ ಹೇಳಿ. ಮೊದಲನೇ ಚಮಚದಿಂದ."